ತಕ್ಕಡಿ ಮಹಾಶಯರಿಗೊಂದು ಬಹಿರಂಗ ಪತ್ರ

ಪೊಲೀಸ್ ಇಲಾಖೆಯ ಸೇವೆಯಲ್ಲಿರುವ ಎಲೆಕ್ಟ್ರಾನಿಕ್ ತಕ್ಕಡಿ ಮಹಾಶಯರಿಗೆ, ಸಾಷ್ಟಾಂಗ ನಮಸ್ಕಾರಗಳು.

ಈ ಪತ್ರ ನ್ಯಾಯಾಧೀಶರಿಗೆ ಹೋಗಬೇಕಿತ್ತು. ಆದರೆ ಮಾದಕವಸ್ತುಗಳಿಗೆಂದಿರುವ 1985ರ ಎನ್‌ಡಿಪಿಎಸ್ ಕಾಯ್ದೆಯನ್ನು ತಿರುವಿಹಾಕಿದ ಮೇಲೆ, ಅರ್ಧ ತೀರ್ಪು ಜಪ್ತಿಯಾದ ಜಾಗದಲ್ಲೇ, ಪಂಚರ ಸಮಕ್ಷಮದಲ್ಲೇ ನಿಮ್ಮ ಮುಖದ ಮೇಲೆ ಮೂಡಿಬಿಡುತ್ತದೆ ಎಂದು ತಿಳಿಯಿತು. ದೊಡ್ಡವರಿರುವಾಗ ಚಿಕ್ಕವರಿಗೇಕೆ ಅರ್ಜಿ?

ನಿಮ್ಮ ಲೆಕ್ಕ ಎಷ್ಟು ಚೊಕ್ಕ! ಹೆರಾಯಿನ್ 5 ಗ್ರಾಂ ಒಳಗಿದ್ದರೆ ‘ಅಲ್ಪ ಪ್ರಮಾಣ’, ಗರಿಷ್ಠ 1 ವರ್ಷ ಸಜೆ. 5 ದಾಟಿತೋ, 10 ವರ್ಷದವರೆಗೆ. 250 ಗ್ರಾಂ ಮೀರಿದರೆ ಕನಿಷ್ಠವೇ 10, ಗರಿಷ್ಠ 20. ಎದುರಿಗೆ ನಿಂತವನು ಮಾರುವವನೋ, ಚಟಕ್ಕೆ ಬಿದ್ದು ಮೂಗು ಸೋರಿಸಿಕೊಂಡು ನಡುಗುತ್ತಿರುವವನೋ ಎಂಬ ಕ್ಷುಲ್ಲಕ ಸಂಗತಿಗೆ ನೀವು ತಲೆ ಕೆಡಿಸಿಕೊಂಡವರಲ್ಲ.

2020ರ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ನಿಮಗೆ ಬಡ್ತಿಯನ್ನೂ ಕೊಟ್ಟಿತು. 2008ರ ತೀರ್ಪೊಂದು ಶುದ್ಧ ಮಾದಕವಸ್ತುವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು ಎಂದಿತ್ತು. ಈಗ ಆ ತಲೆನೋವಿಲ್ಲ, ಕಲಬೆರಕೆಯನ್ನೂ ಸೇರಿಸಿಯೇ ತೂಗಬೇಕು. ಒಂದೂವರೆ ಗ್ರಾಂ ಹೆರಾಯಿನ್‌ಗೆ ನಾಲ್ಕು ಗ್ರಾಂ ಗ್ಲೂಕೋಸ್ ಬೆರೆಸಿ ಒಬ್ಬ ಟೋಪಿ ಹಾಕಿದ ಎನ್ನಿ. ಟೋಪಿ ಹಾಕಿಸಿಕೊಂಡವನ ಜೇಬಲ್ಲಿ ಐದೂವರೆ ಗ್ರಾಂ! ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಕಾನೂನಾದದ್ದು ಹೀಗೆ. ಅಪ್ಪಟ ಮಾಲು ಕೊಳ್ಳುವ ತಾಕತ್ತಿದ್ದವನು ಮಾತ್ರ ಅಲ್ಪದಲ್ಲೇ ಪಾರು.

ಆ ಗ್ಲೂಕೋಸಿನ ಮಹಿಮೆ ಇಷ್ಟಕ್ಕೇ ನಿಲ್ಲುವುದಿಲ್ಲ. ಇದೇ ಕಾಯ್ದೆಯ 64ಎ ಕಲಮಿನ ಪ್ರಕಾರ, ಅಲ್ಪ ಪ್ರಮಾಣದ ಅಥವಾ ಸೇವನೆಯ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಮುಗಿಸಿದರೆ ಮೊಕದ್ದಮೆಯಿಂದಲೇ ಮುಕ್ತಿ. ನೀವು ಐದೂವರೆ ತೋರಿಸಿದ ಕ್ಷಣ ಆ ಬಾಗಿಲಿಗೆ ಬೀಗ. ನಾಲ್ಕು ತೋರಿಸಿದರೂ ಏನಾದೀತು? ಬಾಗಿಲಿರುವುದು ಅವನಿಗೆ ಗೊತ್ತಾಗಬೇಕಲ್ಲ. ಅಂಗಶೋಧನೆಗೆ ಮುಂಚೆ, ಗೆಜೆಟೆಡ್ ಅಧಿಕಾರಿಯ ಎದುರೇ ತಪಾಸಣೆ ಕೇಳುವ ಹಕ್ಕಿದೆ ಎಂದು ಆಸಾಮಿಗೆ ಹೇಳಲೇಬೇಕು. ಅದು 50ನೇ ಕಲಂ. ಆಸ್ಪತ್ರೆಗೆ ಹೋದರೆ ಕೇಸೇ ಉಳಿಯದು ಎಂದು ಹೇಳಲೇಬೇಕೆಂಬ ಕಟ್ಟಳೆ ಕಾಯ್ದೆಯಲ್ಲಿಲ್ಲ. ಜೇಬು ತಡಕಾಡಲು ಇರುವ ಶಿಷ್ಟಾಚಾರ ಜೀವ ಉಳಿಸಲು ಯಾಕೆ ಬೇಕು, ಅಲ್ಲವೇ?

ಇನ್ನು ಜೈಲು. ಅಲ್ಲೂ ನಿಮ್ಮ ದಾಯಾದಿಯೊಬ್ಬರಿದ್ದಾರೆ. ಬಂದ ಕೈದಿಯನ್ನು ಅವರ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳುತ್ತಾರೆ. ಕೊನೆಯ ಡೋಸ್ ಇಳಿದು ಎಂಟು-ಹನ್ನೆರಡು ಗಂಟೆಯಾಗುತ್ತಿದ್ದಂತೆ ಆಕಳಿಕೆ, ಕಣ್ಣೀರು, ಮೈಯೆಲ್ಲ ಮುಳ್ಳು. ಎರಡು-ಮೂರು ದಿನಕ್ಕೆ ವಾಂತಿ, ಭೇದಿ, ಮೂಳೆ ಮುರಿಯುವ ನೋವು. ಬ್ಯಾರಕ್ಕಿನ ಮಂದಿ ಇದನ್ನು ‘ನಾಟಕ’ ಎಂದರೆ ಅಚ್ಚರಿಯಿಲ್ಲ. ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಗುಳಿಗೆ ಈ ನಾಟಕಕ್ಕೆ ತೆರೆ ಎಳೆಯಬಲ್ಲದು. ದೆಹಲಿಯ ತಿಹಾರ್ ಜೈಲಿನಲ್ಲಿ 2008ರಲ್ಲೇ ಆ ಚಿಕಿತ್ಸೆ ಶುರುವಾಗಿತ್ತು. ಆದರೆ ಗುಳಿಗೆ ಕೊಟ್ಟು ಕೈದಿಯನ್ನು ಮುದ್ದು ಮಾಡಿದರೆ ಶಿಸ್ತು ಏನಾಗಬೇಕು! ಜೈಲಿನ ತಪಾಸಣೆಯಲ್ಲಿ ಆಗಾಗ ಗಾಂಜಾ ಸಿಕ್ಕ ಸುದ್ದಿ ಓದಿದರೆ, ಗೋಡೆ ದಾಟಿ ಒಳಗೆ ಬರಲು ಔಷಧಕ್ಕಿಂತ ಮಾಲಿಗೇ ಹೆಚ್ಚು ಚಾಣಾಕ್ಷತನವಿದೆ ಎನಿಸುತ್ತದೆ.

ಬಿಡುಗಡೆಯ ದಿನವಂತೂ ನಿಮ್ಮನ್ನು ಯಾರೂ ಕರೆಯುವುದಿಲ್ಲ. ಕರೆಯಬೇಕಿತ್ತು. ಚಿಕಿತ್ಸೆಯಿಲ್ಲದೆ ತಿಂಗಳುಗಟ್ಟಲೆ ಹೆರಾಯಿನ್ ಬಿಟ್ಟ ದೇಹಕ್ಕೆ ಹಳೆಯ ಡೋಸ್ ತಡೆಯುವ ಶಕ್ತಿ ಇರದು. ಮನಸ್ಸಿಗೆ ಮಾತ್ರ ಹಳೆಯ ಅಳತೆಯೇ ನೆನಪು. ಹೊರಬಂದ ಮೊದಲ ಎರಡು ವಾರಗಳಲ್ಲಿ ಓವರ್‌ಡೋಸಿನಿಂದ ಸಾಯುವ ಅಪಾಯ ವಿಪರೀತ ಎಂದು ಹಲವು ದೇಶಗಳ ವೈದ್ಯರು ಸಾರಿದ್ದಾರೆ. ಗ್ರಾಮಿನ ಲೆಕ್ಕ ನಿಜಕ್ಕೂ ಜೀವನ್ಮರಣದ ಪ್ರಶ್ನೆಯಾಗುವುದು ಆ ಹೊತ್ತಿನಲ್ಲಿ.

ನಿಮ್ಮನ್ನು ನಿವೃತ್ತಿಗೊಳಿಸಿ ಎಂದು ಕೇಳುತ್ತಿಲ್ಲ. ಮಾರುವವರ ಮೂಟೆಗಳನ್ನು ಧಾರಾಳವಾಗಿ ತೂಗಿ. ಚಟದವನ ಪೊಟ್ಟಣ ನಿಮ್ಮ ಮೇಲೆ ಬಿದ್ದಾಗ ಮಾತ್ರ, ಪಂಚನಾಮೆಯ ಹಾಳೆಯಲ್ಲಿ 64ಎ ಕಲಮಿಗೆಂದು ಎರಡು ಸಾಲು ಅಚ್ಚು ಹಾಕಿಸಲು ಮೇಲಿನವರಿಗೆ ಶಿಫಾರಸು ಮಾಡಿ. ಆ ಮಸಿಯ ತೂಕವನ್ನು ಬೇಕಿದ್ದರೆ ನನ್ನ ಲೆಕ್ಕಕ್ಕೇ ಹಾಕಿ.

ಇತಿ ತಮ್ಮ ವಿಧೇಯ,
ತೂಕವಿಲ್ಲದ ಒಬ್ಬ ನಾಗರಿಕ