ಮುಂದಿನ ಮಹಾಮಾರಿಯ ಅಧ್ಯಕ್ಷರಿಗೆ ಮುಂಗಡ ಅಭಿನಂದನೆ

ಗೆ,
ಮಾನ್ಯ ಅಧ್ಯಕ್ಷರು,
ಮುಂದಿನ ಮಹಾಮಾರಿ ನಿರ್ವಹಣಾ ಸಮಿತಿ (ನೇಮಕ ಬಾಕಿ)

ಮಾನ್ಯರೇ,

ಮಹಾಮಾರಿ ಇನ್ನೂ ಬಂದಿಲ್ಲ, ತಾವೂ ನೇಮಕವಾಗಿಲ್ಲ. ಆದರೂ ಚನ್ನಗಿರಿ ತಾಲ್ಲೂಕಿನ ನಲ್ಲೂರಿನಿಂದ ಈಗಲೇ ಅಭಿನಂದನೆ ಕಳಿಸುತ್ತಿದ್ದೇನೆ. ಆಮೇಲೆ ತಮ್ಮನ್ನು ಕಾಣಲು ಪಾಸ್ ಬೇಕಾದೀತು. ಅಭಿನಂದನೆ ಏಕೆಂದರೆ, ಇನ್ನು ತಮ್ಮ ಕೈಗೆ ಬರಲಿರುವ ಒಂದು ವಿದ್ಯೆಗಾಗಿ: ಔಷಧಿಯಿಲ್ಲದೆ ಕ್ಷಯ (ಟಿ.ಬಿ.) ಇಳಿಸುವ ಆ ವಿದ್ಯೆ ನಮ್ಮ ದೇಶಕ್ಕೆ ಸಿದ್ಧಿಸಿದ್ದು ಹಿಂದಿನ ಮಹಾಮಾರಿ ಕೋವಿಡ್ ಬಂದ 2020ರಲ್ಲಿ. 2019ರಲ್ಲಿ ದಾಖಲಾದ ಟಿ.ಬಿ. ರೋಗಿಗಳು ಸುಮಾರು 24 ಲಕ್ಷ. ಮರುವರ್ಷ 18 ಲಕ್ಷ. ಆರು ಲಕ್ಷ ಜನ ಒಂದು ಮಾತ್ರೆಯನ್ನೂ ನುಂಗದೆ ರಿಜಿಸ್ಟರಿನಿಂದ ಗುಣಮುಖರಾದರು. ಮುಹೂರ್ತವೂ ಸೊಗಸಾಗಿತ್ತು: ಲಾಕ್‌ಡೌನ್ ಘೋಷಣೆಯಾದದ್ದು ಮಾರ್ಚ್ 24ರಂದು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಲೋಕಕ್ಕೆ ತಿಳಿಸಿದ್ದೂ ಅದೇ ದಿನ, ವಿಶ್ವ ಕ್ಷಯರೋಗ ದಿನವೂ ಅದೇ.

ವಿದ್ಯೆ ಸುಲಭ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಎಂಬುದು ನಿಯಮ. ಆಸ್ಪತ್ರೆಯಲ್ಲಿ ಒಮ್ಮೆ ಕಫ ಕೊಟ್ಟು, ಡಬ್ಬಿಯನ್ನು ಮನೆಗೊಯ್ದು, ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತುಂಬಿಸಿ, ಮುಚ್ಚಳ ಬಿಗಿದು ಮತ್ತೆ ತಲುಪಿಸಬೇಕು. ಆ ಪುಟ್ಟ ಡಬ್ಬಿಗೆ ಒಂದು ಬಸ್ಸು, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಂದು ಯಂತ್ರ, ಮನೆಬಾಗಿಲಿಗೆ ಬರುವ ಒಬ್ಬ ಆಶಾ ಕಾರ್ಯಕರ್ತೆ ಬೇಕು. 2020ರಲ್ಲಿ ಬಸ್ಸು ಡಿಪೋ ಸೇರಿತು, ಟೆಕ್ನಿಷಿಯನ್‌ಗಳಿಗೆ ಗಂಟಲು ದ್ರವದ ಕೆಲಸ ಬಿತ್ತು, ಟಿ.ಬಿ.ಗೆಂದು ತಂದ ಸಿಬಿನ್ಯಾಟ್, ಟ್ರೂನ್ಯಾಟ್ ಯಂತ್ರಗಳಿಗೆ ಕೋವಿಡ್ ಪರೀಕ್ಷೆಗೆ ಬಡ್ತಿಯಾಯಿತು. ರಾಜ್ಯದ ಆಶಾ ಕಾರ್ಯಕರ್ತೆಯರು ಕ್ವಾರಂಟೈನ್ ಮನೆಗಳನ್ನು ಸುತ್ತಿ ಸುಸ್ತಾಗಿ, ಜುಲೈಯಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. ಕೆಮ್ಮುತ್ತಿದ್ದವರ ಪಾಲಿಗೆ ‘ಕೋವಿಡ್ ನೆಗೆಟಿವ್’ ಎಂಬ ಮೆಸೇಜೇ ಆರೋಗ್ಯದ ಸರ್ಟಿಫಿಕೇಟ್ ಆಯಿತು. ರೋಗ ಇಳಿಯಲಿಲ್ಲ, ಹುಡುಕಾಟ ನಿಂತಿತು. ಆ ವರ್ಷ ಜಗತ್ತಿನಲ್ಲಿ ಟಿ.ಬಿ. ಸಾವುಗಳು ದಶಕಕ್ಕೂ ಹೆಚ್ಚು ಕಾಲದ ನಂತರ ಮೊದಲ ಸಲ ಏರಿದವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹೊಸ ಪದ್ಧತಿಯಲ್ಲಿ ಇದೊಂದು ಸಣ್ಣ ಕೊರತೆ.

ಮಾಸ್ಕ್‌ನಿಂದ ಟಿ.ಬಿ.ಯೇ ತಗ್ಗಿರಬಹುದಲ್ಲ ಎಂದು ತಮ್ಮ ಸಲಹೆಗಾರರು ಕೇಳಬಹುದು. ಇದು ಕೊರೊನಾದಂತೆ ವಾರದೊಳಗೆ ಹೊರಬೀಳುವ ಕಾಯಿಲೆಯಲ್ಲ. ಸೋಂಕು ತಗುಲಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ತಲೆ ಎತ್ತುತ್ತದೆ. ಏಪ್ರಿಲ್‌ನಲ್ಲಿ ಕಟ್ಟಿದ ಮಾಸ್ಕು ಅದೇ ಏಪ್ರಿಲ್‌ನ ರೋಗಿಗಳನ್ನು ಮಾಯ ಮಾಡಲಾರದು. ಮೇಲಾಗಿ ಮಾಸ್ಕು ಇದ್ದದ್ದು ಬೀದಿಯಲ್ಲಿ. ಕೆಮ್ಮುವವರು ಕೂತಿದ್ದು ಮನೆಯೊಳಗೆ, ಮಕ್ಕಳು ಮರಿಗಳ ನಡುವೆ. ಜನರೇ ಹೆದರಿ ಬರಲಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ: ಕೆಮ್ಮಿದವರನ್ನು ಊರೇ ಓರೆಗಣ್ಣಿನಿಂದ ನೋಡುತ್ತಿದ್ದ ಕಾಲವದು. ಆದರೆ ಜನರ ಮೇಲೆ ಹಾಕುವ ಮೊದಲು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಷಯರೋಗಿಗಳು ಆಗಲೇ ಆಸ್ಪತ್ರೆ ಮೆಟ್ಟಿಲು ಹತ್ತಿದ್ದರು. ಬಾಗಿಲು ತೆರೆದಿದ್ದರೆ ಜನ ಬರುತ್ತಾರೆ. ಬಂದವರ ಕಫ ನೋಡುವವರು ಬೇಕು. ಇನ್ನು, ತುರ್ತು ಸಂದರ್ಭದಲ್ಲಿ ಕೋವಿಡ್ಡೇ ಮೊದಲು ಎಂಬ ಮಾತು. ಕೋವಿಡ್ ಬಿಟ್ಟು ಟಿ.ಬಿ. ನೋಡಿ ಎಂದು ಯಾರೂ ಹೇಳುತ್ತಿಲ್ಲ. ಎರಡೂ ಕೆಮ್ಮೇ, ಒಂದೇ ಭೇಟಿಯಲ್ಲಿ ಎರಡನ್ನೂ ಪರೀಕ್ಷಿಸಬಹುದಿತ್ತು. ಹಾಗೆ ಮಾಡಿ ಎಂಬ ಕೇಂದ್ರದ ಮಾರ್ಗಸೂಚಿ ಹೊರಬಂದದ್ದು ಆಗಸ್ಟ್‌ನಲ್ಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

2022ರಲ್ಲಿ ದಾಖಲೆ ಮತ್ತೆ 24 ಲಕ್ಷ ದಾಟಿತಲ್ಲ, ನಷ್ಟ ತುಂಬಿತಲ್ಲ ಎಂದೂ ಹೇಳಬಹುದು. ರಿಜಿಸ್ಟರ್ ತುಂಬಿತು, ನಿಜ. ಆದರೆ ಚಿಕಿತ್ಸೆಯಿಲ್ಲದ ಒಬ್ಬ ರೋಗಿ ವರ್ಷದಲ್ಲಿ ಐದರಿಂದ ಹದಿನೈದು ಮಂದಿಗೆ ಸೋಂಕು ಹಂಚಬಲ್ಲ. ತಡವಾದ ತಿಂಗಳುಗಳಿಗೆ ಬಡ್ಡಿ ಉಂಟು. 2015ಕ್ಕೆ ಹೋಲಿಸಿದರೆ 2025ಕ್ಕೆ ಹೊಸ ಪ್ರಕರಣಗಳನ್ನು ಶೇ. 80ರಷ್ಟು ಇಳಿಸುವುದು ದೇಶದ ಗುರಿಯಾಗಿತ್ತು. 2024ರ ಹೊತ್ತಿಗೆ ಇಳಿದದ್ದು ಶೇ. 21. ಇಡೀ ತಪ್ಪು ಕೊರೊನಾದ್ದಲ್ಲ, ಆದರೆ ಅದರ ಪಾಲು ಸಣ್ಣದಲ್ಲ.

ಆದ್ದರಿಂದ ಮನವಿ ಇಷ್ಟು. ನಮ್ಮ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ತಲಾ ಒಂದು ಯಂತ್ರಕ್ಕೆ ‘ಟಿ.ಬಿ. ಹೊರತು ಮುಟ್ಟಬಾರದು’ ಎಂದು ಚೀಟಿ ಅಂಟಿಸಿ. ಚಿಕಿತ್ಸೆಯಲ್ಲಿರುವವರಿಗೆ ಬಸ್ಸು ನಿಲ್ಲುವ ಮೊದಲೇ ಮಾತ್ರೆ ಮುಟ್ಟಿಸಿ. ಸಂಜೆಯ ಬುಲೆಟಿನ್‌ನಲ್ಲಿ ಹೊಸ ಸೋಂಕು, ಗುಣಮುಖ, ಸಾವು ಓದಿದ ಮೇಲೆ ಇನ್ನೊಂದು ಸಾಲು ಸೇರಿಸಿ: ಹೋದ ವರ್ಷ ಇದೇ ದಿನ ಎಷ್ಟು ಕಫ ಪರೀಕ್ಷೆಯಾಗಿತ್ತು, ಇಂದು ಎಷ್ಟಾಯಿತು. ಆ ಸಾಲು ಓದಲು ತಮಗೆ ಮುಜುಗರವಾದ ದಿನ ಈ ಅಭಿನಂದನೆಯನ್ನು ನಿಜವೆಂದೇ ಸ್ವೀಕರಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ನಲ್ಲೂರಿನ ಒಬ್ಬ ನಾಗರಿಕ