ರಾಯರ ಕೆರೆಯವರ ಸಂದರ್ಶನ

ಹೊಸಪೇಟೆಯ ನೈಋತ್ಯಕ್ಕೆ, ಸಂಡೂರಿನ ಬೆಟ್ಟಸಾಲು ಕಣಿವೆಯಾಗಿ ಬಾಯಿ ತೆರೆಯುವೆಡೆಯಲ್ಲಿ, ಕೃಷ್ಣದೇವರಾಯನು ಕಟ್ಟಿಸಿದ ರಾಯರ ಕೆರೆಯು ನೀರೊಂದನ್ನುಳಿದು ಮಿಕ್ಕೆಲ್ಲ ಗಾಂಭೀರ್ಯದೊಡನೆ ಇಂದಿಗೂ ವಿರಾಜಮಾನವಾಗಿದೆ. ಹರಿದುಹೋಗುವ ಮಳೆನೀರನ್ನು ಹಿಡಿದು ಮರಳಿ ಬಳಸುವ ಬಗೆಯನ್ನು ಕುರಿತು ಸಭೆಗಳೂ ಕಾರ್ಯಾಗಾರಗಳೂ ಜರುಗುತ್ತಿರುವ ಈ ಕಾಲದಲ್ಲಿ, ತಜ್ಞರೆಲ್ಲರ ಅಭಿಪ್ರಾಯವನ್ನು ಸಂಗ್ರಹಿಸಿ, ಐದು ಶತಮಾನಗಳ ಅನುಭವವುಳ್ಳ ಈ ಹಿರಿಯರನ್ನು ಮಾತ್ರ ವಿಚಾರಿಸದಿರುವುದು ಶಿಷ್ಟಾಚಾರಕ್ಕೆ ಕುಂದೆಂದು ತೋರಿದ್ದರಿಂದ, ಅವರ ಏರಿಯ ಮೇಲೆ ಕುಳಿತು ನಡೆಸಿದ ಸಂಭಾಷಣೆಯನ್ನು ವಾಚಕರ ಮುಂದಿರಿಸಿದ್ದೇನೆ. ವಾಹನಗಳ ಆರ್ಭಟಕ್ಕೆ ಆಗಾಗ ಮಾತು ನಿಲ್ಲುತ್ತಿತ್ತು. ಆ ವಿರಾಮಗಳನ್ನು ಬಿಟ್ಟು ಮಿಕ್ಕುದೆಲ್ಲ ಯಥಾವತ್ತಾಗಿದೆ.

ಪ್ರಶ್ನೆ: ಪೂಜ್ಯರೇ, ಮೊದಲು ತಮ್ಮ ಜನನದ ವೃತ್ತಾಂತವನ್ನು ಕೇಳಬಹುದೆ?

ಕೆರೆ: ಕೇಳು ತಮ್ಮಾ, ಆದರೆ ನನ್ನ ಜಾತಕವನ್ನು ಬರೆದವರು ಪೋರ್ತುಗೀಸರು. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಡೊಮಿಂಗೊ ಪಾಯೆಸನು, ಎರಡು ಬೆಟ್ಟಗಳ ನಡುವಣ ಬಾಯಿಯನ್ನು ಕಟ್ಟುವ ಕಾರ್ಯದಲ್ಲಿ ಹದಿನೈದಿಪ್ಪತ್ತು ಸಾವಿರ ಜನರು ಕಾಲಡಿಯ ನೆಲವೇ ಕಾಣದಂತೆ ಮುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಎರಡೂ ಪಾರ್ಶ್ವದ ಇಳಿಜಾರುಗಳ ನೀರೆಲ್ಲ ನನ್ನನ್ನು ಸೇರುವುದಾಗಿತ್ತು. ಅದು ಸಾಲದೆಂದು ಮೂರು ಹರದಾರಿಗೂ ಮಿಕ್ಕ ದೂರದ ಮತ್ತೊಂದು ಸರೋವರದಿಂದ ಬೆಟ್ಟದ ತಪ್ಪಲುಗುಂಟ ನೀರನ್ನು ತಂದಿದ್ದರು. ಗದ್ದೆ ತೋಟಗಳಿಗೆ ಬಿಡಲು ಶಿಲ್ಪಾಲಂಕೃತವಾದ ಮೂರು ಕಂಬಗಳ ತೂಬುಗಳಿದ್ದವು. ರಾಯನು ಕೆಲಸವನ್ನು ತನ್ನ ನಾಯಕರಲ್ಲಿ ಪಾಲುಮಾಡಿ, ತನ್ನ ಪಾಲಿನ ಜನ ದುಡಿದು ಕೆಲಸ ಮುಗಿಯುವಂತೆ ನೋಡಿಕೊಳ್ಳುವ ಹೊಣೆಯನ್ನು ಒಬ್ಬೊಬ್ಬನಿಗೂ ಒಪ್ಪಿಸಿದ್ದನು. ಈಗ ಇದಕ್ಕೆ ‘ಪ್ಯಾಕೇಜು’ ಎನ್ನುತ್ತಾರಂತೆ. ಪಾಲುಮಾಡುವ ಪದ್ಧತಿಯು ಅವಿಚ್ಛಿನ್ನವಾಗಿ ನಡೆದುಬಂದಿದೆ. ಮುಗಿಸುವ ಪದ್ಧತಿ ಎಲ್ಲಿಯೋ ತಪ್ಪಿಹೋದಂತೆ ಕಾಣುತ್ತದೆ.

ಪ್ರಶ್ನೆ: ತಮ್ಮ ಏರಿಯೂ ಒಡೆದಿತ್ತೆಂದು ಅದೇ ಪಾಯೆಸನು ಹೇಳುತ್ತಾನಲ್ಲವೆ?

ಕೆರೆ: ಎರಡು ಮೂರು ಬಾರಿ ಒಡೆಯಿತು. ದೇವರು ಮುನಿದಿದ್ದಾನೆಂದು ಬಲ್ಲವರು ನುಡಿಯಲು, ಅರವತ್ತು ಮಂದಿಯ ಶಿರಸ್ಸನ್ನೂ ಕೆಲವು ಕುದುರೆ ಕೋಣಗಳ ಪ್ರಾಣವನ್ನೂ ಗುಡಿಯ ಬಾಗಿಲಲ್ಲಿ ತೆಗೆಸಿದರೆಂಬುದು ಅವನ ವರದಿ. ಆ ಅರವತ್ತು ಮಂದಿಗೂ ಏರಿಯ ಬಿರುಕಿಗೂ ಏನೊಂದು ಸಂಬಂಧವೂ ಇರಲಿಲ್ಲ. ನಿಮ್ಮ ಕಾಲದಲ್ಲಿ ರಕ್ತಪಾತವಿಲ್ಲ, ವರ್ಗಾವಣೆಯಿಂದಲೇ ದೇವರು ತೃಪ್ತನಾಗುತ್ತಾನೆ. ಇದು ನಾಗರಿಕತೆಯ ಮುನ್ನಡೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ದಂಡನೆಗೆ ಗುರಿಯಾದವನಿಗೂ ಒಡಕಿಗೂ ಇರುವ ಸಂಬಂಧದಲ್ಲಿ ಹೆಚ್ಚಿನ ಪ್ರಗತಿಯಾದುದನ್ನು ನಾನು ಕಾಣೆ. ಹೊರನಾಡಿನ ತಜ್ಞರ ವಿಷಯವೂ ಹಾಗೆಯೇ. ಗೋವೆಯಿಂದ ಜೊಆವ್ ದ ಲಾ ಪೊಂತೆಯೆಂಬ ಪೋರ್ತುಗೀಸ್ ಕಲ್ಲುಕೆಲಸದವನನ್ನು ಕರೆಸಿದ್ದ ಸಂಗತಿಯನ್ನು ಮತ್ತೊಬ್ಬ ಪೋರ್ತುಗೀಸ ಫೆರ್ನಾವೊ ನೂನಿಜನು ತಿಳಿಸಿದ್ದಾನೆ. ಹಗಲು ಮಾಡಿದ ಕೆಲಸ ಇರುಳಿನಲ್ಲಿ ಹಾಳಾಗುತ್ತಿತ್ತೆಂದೂ ಅವನೇ ತಿಳಿಸಿದ್ದಾನೆ.

ಪ್ರಶ್ನೆ: ತಾವು ಬತ್ತಿದ್ದು ಯಾವಾಗ?

ಕೆರೆ: ಕೆರೆಗೆ ಮರಣತಿಥಿಯೆಂಬುದಿಲ್ಲ. ಮೊದಲು ಕಾಲುವೆಯ ಬಾಯಲ್ಲಿ ಮಣ್ಣು ಕೂಡುತ್ತದೆ. ತೆಗೆಯಬೇಕಾದವನು ಬರುವ ವರ್ಷ ತೆಗೆದರಾಯಿತೆನ್ನುತ್ತಾನೆ. ಬರುವ ವರ್ಷ ತೆಗೆಯಬೇಕಾದವನೇ ಇರುವುದಿಲ್ಲ. ಬಳಿಕ ಒಡಲು ಹೂಳುತ್ತದೆ, ಅಂಚು ಹೊಲವಾಗುತ್ತದೆ, ಹೊಲಕ್ಕೆ ಬೇಲಿ ಬರುತ್ತದೆ, ಬೇಲಿಗೆ ಕಾಗದಪತ್ರ ಹುಟ್ಟುತ್ತದೆ. 1900ರಲ್ಲಿ ರಾಬರ್ಟ್ ಸೀವೆಲನು ವಿಜಯನಗರದ ಚರಿತ್ರೆಯನ್ನು ಬರೆದಾಗ, ನಾನು ಒಣಗಿರುವುದನ್ನೂ, ನನ್ನ ಏರಿಯು ಹೊಸಪೇಟೆಯಿಂದ ದಕ್ಷಿಣದ ತಾಲ್ಲೂಕುಗಳಿಗೆ ಹೋಗುವ ಹೆದ್ದಾರಿಯಾಗಿರುವುದನ್ನೂ ದಾಖಲಿಸಿದನು. ಹಂಪಿಯ ಬಳಿಯ ಕಮಲಾಪುರದ ಕೆರೆಯನ್ನು ನೋಡು, ರಾಯ ಕಾಲುವೆಯ ನೀರುಂಡು ಇನ್ನೂ ತುಂಬಿಕೊಂಡಿದೆ. ಹೊಳೆಯ ಕಾಲುವೆಗಾದರೆ ಅದರ ನೀರು ಬೇಕಾದವರೆಲ್ಲರೂ ಕಾವಲುಗಾರರು. ಮಳೆಯನ್ನು ನಂಬಿದ ಕೆರೆಗೆ ಬೆಟ್ಟದ ಇಳಿಜಾರನ್ನು ಕಾಯುವವರು ಬೇಕು. ಆ ಇಳಿಜಾರಿಗೆ ಪಾಲುದಾರರೇ ಇಲ್ಲ.

ಪ್ರಶ್ನೆ: ಸಂಡೂರಿನ ಇಳಿಜಾರುಗಳಿಗೆ ಪಾಲುದಾರರು ಬಹಳ ಮಂದಿ ಇದ್ದರಲ್ಲವೆ?

ಕೆರೆ: ಅದಿರಿಗೆ ಇದ್ದರು, ಅದಿರನ್ನು ತೆಗೆದು ಬಿಸುಟ ಮಣ್ಣಿಗೆ ಇರಲಿಲ್ಲ. ಮಣ್ಣು ಮಾತ್ರ ಮಳೆಯೊಡನೆ ತಾನಾಗಿಯೇ ಹೊರಟಿತು. ಅದಕ್ಕೆ ಪರವಾನಗಿಯಾಗಲಿ ಲಾರಿಯಾಗಲಿ ಬೇಕಾಗಲಿಲ್ಲ. ಭೀಮಗಂಡಿ ಓಬಳಗಂಡಿಗಳ ನಡುವೆ ಹರಿಯುವ ನಾರಿಹಳ್ಳವನ್ನು ಮಳೆಗಾಲದಲ್ಲಿ ನೋಡಿದವರಿಗೆ ಅದರ ಬಣ್ಣವನ್ನು ನಾನು ವರ್ಣಿಸಬೇಕಾಗಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದು, ಗಣಿಗಳು ಮತ್ತೆ ತೆರೆಯಬೇಕಾದರೆ ಪುನಶ್ಚೇತನ ಯೋಜನೆ ಬೇಕೆಂದು ವಿಧಿಸಿದ ಮೇಲೆ, ಮಣ್ಣಿನ ರಾಶಿಯ ಬುಡಕ್ಕೆ ತಡೆಗೋಡೆ, ಸುತ್ತಲೂ ಕಾಲುವೆ, ಕೊರಕಲಿಗೆ ಕಲ್ಲಿನ ಅಡ್ಡಗಟ್ಟು, ಹೂಳು ತಂಗುವ ಗುಂಡಿ, ಹಳ್ಳಕ್ಕೆ ಚೆಕ್ ಡ್ಯಾಮು ಎಂದು ಕಾಗದದಲ್ಲಿ ಕಾಣತೊಡಗಿತು. ನೀರು ರಭಸಗೊಳ್ಳುವ ಮುನ್ನವೇ ಅದರ ವೇಗವನ್ನು ಮುರಿಯಬೇಕೆಂಬ ಈ ತತ್ತ್ವವನ್ನು ಬದುವು ಹಾಕುವ ಪ್ರತಿಯೊಬ್ಬ ರೈತನೂ ಬಲ್ಲನು. ಗಣಿಗೆ ಅದನ್ನು ತಿಳಿಸಲು ದೇಶದ ಅತ್ಯುನ್ನತ ಪೀಠವೇ ಬೇಕಾಯಿತು.

ಪ್ರಶ್ನೆ: ತಮ್ಮ ನೆರೆಯಲ್ಲಿಯೇ ತುಂಗಭದ್ರಾ ಜಲಾಶಯವಿರುವಾಗ ಹನಿ ಮಳೆನೀರಿಗೆ ಇಷ್ಟು ತವಕವೇಕೆಂದು ಕೇಳುವವರುಂಟು.

ಕೆರೆ: ಆ ಮಹಾತಾಯಿಯನ್ನು ನಾನು ಗೌರವಿಸುತ್ತೇನೆ. 1953ರಲ್ಲಿ ಅವಳ ಒಡಲು ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಈಗ ಸುಮಾರು 105ಕ್ಕೆ ಇಳಿದಿದೆ. ಮಿಕ್ಕ ಜಾಗದಲ್ಲಿ ಹೂಳು ವಾಸವಾಗಿದೆ, ಬಾಡಿಗೆಯಿಲ್ಲದೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ, ತುಂಬಿದ ಜಲಾಶಯದ ನೀರನ್ನು ದುರಸ್ತಿಗಾಗಿ ಹೊಳೆಗೆ ಬಿಡಬೇಕಾಗಿ ಬಂದುದನ್ನು ಹೊಸಪೇಟೆಯೇ ಕಣ್ಣಾರೆ ಕಂಡಿತು. ಇನ್ನು ಕಂಪ್ಲಿಯವರನ್ನು ಕೇಳು: ಹೊಳೆಗೆ ಹೆಚ್ಚು ನೀರು ಬಿಟ್ಟಾಗಲೆಲ್ಲ ಗಂಗಾವತಿಗೆ ಹೋಗುವ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ಪ್ರವಾಹವನ್ನೂ ಅಭಾವವನ್ನೂ ಒಂದೇ ಹೊಳೆಯಿಂದ ಅನುಭವಿಸುವ ಸೀಮೆಯು, ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಹಿಡಿಯುವ ಸಾವಿರ ಸಣ್ಣ ಒಡಲುಗಳನ್ನು ಬೇಡವೆನ್ನುವ ಸ್ಥಿತಿಯಲ್ಲಿಲ್ಲ.

ಪ್ರಶ್ನೆ: ಹಾಗಾದರೆ ಯೋಗ್ಯವಾದ ಯೋಜನೆಯ ಲಕ್ಷಣವೇನು?

ಕೆರೆ: ನನ್ನ ದೇಹವನ್ನೇ ನೋಡಿ ಬರೆದುಕೊ. ನೀರು ಬರುವ ನೆಲ, ಅದನ್ನು ತರುವ ಕಾಲುವೆ, ಮಣ್ಣು ಇಳಿಯುವ ತಾವು, ನಿಲ್ಲುವ ಒಡಲು, ಬಳಕೆಗೆ ಬಿಡುವ ತೂಬು, ಹೆಚ್ಚಾದುದನ್ನು ಕಳುಹಿಸುವ ಕೋಡಿ. ಊರಿನ ಮನೆಗೂ ಇವೇ ಅಂಗಗಳು. ನೂರು ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 600 ಮಿಲಿಮೀಟರು ಮಳೆ ಬಿದ್ದರೆ 60,000 ಲೀಟರು; ಆರಿದ್ದು ಚೆಲ್ಲಿದ್ದು ಕಳೆದು ಐದರಲ್ಲಿ ನಾಲ್ಕು ಪಾಲು ಕೈಗೆ ಬಂದರೂ 48,000 ಲೀಟರು. ಮೊದಲ ಮಳೆಯು ಧೂಳನ್ನೂ ಹಕ್ಕಿಯ ಹಿಕ್ಕೆಯನ್ನೂ ತೊಳೆದು ತರುವುದರಿಂದ ಅದನ್ನು ಹೊರಗೆ ಬಿಟ್ಟು, ಮುಂದಿನದನ್ನು ಮರಳು ಜಲ್ಲಿಯ ಮೂಲಕ ಸಂಪಿಗೋ ಬತ್ತಿದ ಬೋರ್‌ವೆಲ್ಲಿನ ಬಳಿಯ ಇಂಗುಗುಂಡಿಗೋ ಇಳಿಸಬೇಕು. ಬೀದಿಯ ಮಳೆನೀರಿನ ಚರಂಡಿಯನ್ನು ಕೊಳಚೆಯ ಚರಂಡಿಯೊಡನೆ ಕೂಡಿಸಕೂಡದು. ಕೂಡಿಸಿದರೆ ಎರಡೂ ಕೊಳಚೆಯೇ ಆಗುತ್ತವೆ, ಎರಡೂ ಮಳೆನೀರು ಆಗುವುದಿಲ್ಲ. ನೀರನ್ನು ಬಳಸುವವರಿಗೆ ಅದರಲ್ಲಿ ಹಿತವಿರಬೇಕು. ನನ್ನ ನೀರು ಹರಿಯುವ ಭೂಮಿಯನ್ನು ರಾಯನು ಒಂಬತ್ತು ವರ್ಷ ತೆರಿಗೆಯಿಲ್ಲದೆ ಬಿಟ್ಟನೆಂದೂ, ಜನರು ಭೂಮಿಯನ್ನು ಹಸನುಮಾಡಿಕೊಂಡ ಮೇಲೆ ಉತ್ಪತ್ತಿ 20,000 ಪರ್ದಾವು ನಾಣ್ಯಗಳಿಗೆ ಏರಿತೆಂದೂ ನೂನಿಜನು ಬರೆದಿದ್ದಾನೆ. ನಿಮ್ಮಲ್ಲಿ ಮೊದಲ ವರ್ಷವೇ ಶುಲ್ಕ ಬರುತ್ತದೆ, ನೀರಿಗಿಂತ ಮುಂಚಿತವಾಗಿ.

ಪ್ರಶ್ನೆ: ಪ್ರಾಚೀನರು ಕೆರೆಯ ದೋಷಗಳನ್ನೂ ಎಣಿಸಿದ್ದಾರಂತೆ?

ಕೆರೆ: ಎಣಿಸಿದ್ದಾರೆ. ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರಲ್ಲಿ ಹಾಕಿಸಿದ ಶಾಸನವು ಕೆರೆಗೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ನಡುವೆ ದಿಬ್ಬವಿರುವುದು, ನೀರು ಕಡಮೆಯಾಗಿ ಹೊಲ ಹೆಚ್ಚಿರುವುದು, ಹೊಲ ಕಡಮೆಯಾಗಿ ನೀರು ಹೆಚ್ಚಿರುವುದು, ಮತ್ತು ಎರಡು ರಾಜ್ಯಗಳ ಗಡಿಯಲ್ಲಿರುವುದು. ಈ ಕಡೆಯ ದೋಷವು ನನಗೆ ಹುಟ್ಟಿನಿಂದ ಬಂದದ್ದಲ್ಲ. ಹೊಸಪೇಟೆಯು 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಸಂಡೂರೂ ಕಂಪ್ಲಿಯೂ ಬಳ್ಳಾರಿಯಲ್ಲಿ ಉಳಿದವು. ಬೆಟ್ಟ ಒಂದು ಕಡತದಲ್ಲಿ, ಕಣಿವೆ ಇನ್ನೊಂದರಲ್ಲಿ. ಅದರ ಮೇಲೆ ಇಳಿಜಾರು ಅರಣ್ಯದವರದು, ಹಳ್ಳ ಸಣ್ಣ ನೀರಾವರಿಯವರದು, ಚರಂಡಿ ನಗರಸಭೆಯದು, ಹೆದ್ದಾರಿ ಮತ್ತೊಬ್ಬರದು, ಹಂಪಿಯೊಳಗೆ ಗುದ್ದಲಿ ಎತ್ತಬೇಕಾದರೆ ಪುರಾತತ್ತ್ವದವರ ಅನುಮತಿ. ಮಳೆಯು ಇವರೆಲ್ಲರ ಸರಹದ್ದನ್ನು ಅರ್ಧ ಗಂಟೆಯಲ್ಲಿ ದಾಟುತ್ತದೆ. ಕಡತಕ್ಕೆ ಅದೇ ದಾರಿ ನಡೆಯಲು ಎರಡು ಮಳೆಗಾಲ ಬೇಕು.

ಪ್ರಶ್ನೆ: ಕಡೆಯದಾಗಿ, ನಮ್ಮ ವಾಚಕರಿಗೆ ತಮ್ಮ ಹಿತವಚನ?

ಕೆರೆ: ಕಟ್ಟುವವರ ಕೊರತೆ ಈ ನಾಡಿಗೆ ಎಂದೂ ಇರಲಿಲ್ಲ. ಹಿಂದಿನವರು ಕೆರೆಯನ್ನು ಕಟ್ಟಿದಾಗಲೇ ಅದನ್ನು ನೋಡಿಕೊಳ್ಳುವವನಿಗೆ ಕಟ್ಟುಗೊಡಗೆಯ ಭೂಮಿಯನ್ನು ಬಿಡುತ್ತಿದ್ದರು, ನೀರು ಹಂಚಲು ನೀರುಗಂಟಿಯನ್ನು ನೇಮಿಸುತ್ತಿದ್ದರು. ಆ ವ್ಯವಸ್ಥೆ ಕಳಚಿದ ಮೇಲೆ ಕಟ್ಟುವುದೆಂದರೆ, ಮಗುವಿನ ನಾಮಕರಣಕ್ಕೆ ಊರಿಗೆಲ್ಲ ಊಟ ಹಾಕಿಸಿ ಮರುದಿನದಿಂದ ಅದರ ಹಾಲನ್ನು ಮರೆತಂತೆ. ಆದಕಾರಣ, ಮಳೆನೀರಿನ ಯೋಜನಾವರದಿಯನ್ನು ಯಾರಾದರೂ ನಿಮ್ಮ ಮುಂದಿಟ್ಟಾಗ ಮೊದಲ ಪುಟದ ಮೊತ್ತವನ್ನೂ ನಡುಪುಟದ ಬಣ್ಣದ ನಕ್ಷೆಯನ್ನೂ ಬದಿಗಿರಿಸಿ ಒಂದೇ ಪ್ರಶ್ನೆಯನ್ನು ಕೇಳಿ: ಹತ್ತನೆಯ ವರ್ಷದ ಬೇಸಗೆಯಲ್ಲಿ ಇದರ ಹೂಳನ್ನು ತೆಗೆಯುವವನು ಯಾರು, ಅವನ ಕೂಲಿ ಯಾವ ಲೆಕ್ಕದಿಂದ? ಉತ್ತರವು ಬರಹದಲ್ಲಿ ಸಿಗುವ ತನಕ ಸಹಿ ಹಾಕಬೇಡಿ.