ಕಾಗದಪತ್ರದ ಮಾವ

ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಆಯಸ್ಸು ಸವೆಸಿ, ಗೆಜೆಟೆಡ್ ದರ್ಜೆ ತಲುಪಿ ನಿವೃತ್ತರಾದವರು. ಅಟೆಸ್ಟ್ ಮಾಡುವ ಅಧಿಕಾರ ನಿವೃತ್ತಿಯ ದಿನವೇ ಹೋಯಿತು. ಹಸಿರು ಇಂಕಿನ ಪೆನ್ನು ಮಾತ್ರ ಜೇಬು ಬಿಟ್ಟು ಕದಲಿಲ್ಲ. ಹೆಂಡತಿಯ ಕಡೆಯವರು ಕರೆಯಲು ಶುರುಮಾಡಿದ ‘ಮಾವ’ ಈಗ ಇಡೀ ಬೀದಿಗೆ ಮಾವ. ಸ್ವತಃ ಸಮುದ್ರ ದಾಟಿದವರಲ್ಲ. ಪಾಸ್‌ಪೋರ್ಟನ್ನು ಮಾತ್ರ ಅವಧಿ ಮುಗಿಯುವ ಮೊದಲೇ ನವೀಕರಿಸಿ ಇಟ್ಟಿದ್ದಾರೆ. ಒಳಗಿನ ಹಾಳೆಗಳೆಲ್ಲ ಇನ್ನೂ ಗರಿಗರಿ. ಬೀದಿಯಿಂದ ಯಾರೇ ವಿದೇಶಕ್ಕೆ ಹೊರಟರೂ ಟಿಕೆಟ್ಟಿಗೂ ಮೊದಲು ಮಾವನ ಜಗಲಿ ಹತ್ತಲೇಬೇಕು.

ಈಚೆಗೆ ಹತ್ತಿದವನು ಕೆನಡಾದ ಪಿ.ಆರ್. (ಕಾಯಂ ವಾಸದ ಪರವಾನಗಿ) ಹುಚ್ಚು ಹಿಡಿಸಿಕೊಂಡ ಇಂಜಿನಿಯರ್ ಹುಡುಗ. ಮಾವ ಅವನ ಕಾಗದಗಳನ್ನೆಲ್ಲ ಟೀಪಾಯಿಯ ಮೇಲೆ ಸಾಲಾಗಿ ಹರಡಿ, ಕನ್ನಡಕ ಏರಿಸಿ ನೋಡಿದರು.

“ನೀವು ಎಷ್ಟು ಜನ ಹೊರಟಿದ್ದೀರಪ್ಪಾ?”

“ನಾನೊಬ್ಬನೇ ಮಾವ. ಆಮೇಲೆ ಹೆಂಡತಿ.”

“ಇಲ್ಲಿ ಮೂರು ಜನ ಇದ್ದಾರಲ್ಲಯ್ಯಾ!”

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅವನ ಇನಿಷಿಯಲ್ಲು ಹೆಸರಿನ ಹಿಂದೆ. ಪದವಿ ಪತ್ರದಲ್ಲಿ ಮುಂದೆ. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ಲು ಬಿಚ್ಚಿಕೊಂಡು ‘ಹೊಳೆನರಸೀಪುರ’ ಎಂದು ಸರ್‌ನೇಮಿನ ಜಾಗದಲ್ಲಿ ಕಾಲು ಚಾಚಿ ಮಲಗಿದೆ. “ಇನ್ಮೇಲೆ ನೀನು ಮಿಸ್ಟರ್ ಹೊಳೆನರಸೀಪುರ. ಅಲ್ಲಿಯ ಬ್ಯಾಂಕಿನವರು ಕರೆದಾಗ ಊರು ಹುಡುಕಬೇಡ, ಎದ್ದು ನಿಲ್ಲು” ಎಂದರು ಮಾವ. ಸರ್‌ನೇಮಿನ ಜಾಗವನ್ನು ಖಾಲಿ ಬಿಟ್ಟಿದ್ದ ಹಿಂದಿನ ಬೀದಿಯ ಹುಡುಗನೊಬ್ಬ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಆಗಿಹೋದ ಕಥೆಯನ್ನೂ ಹೇಳಿ ಹೆದರಿಸಿದರು. ಮೂವರೂ ಒಬ್ಬನೇ ಎಂದು ಪ್ರಮಾಣ ಮಾಡುವ ಅಫಿಡವಿಟ್ಟಿಗೆ ಒಕ್ಕಣೆ ಅವರ ಬಾಯಲ್ಲೇ ಇದೆ. ಅದರ ಛಾಪಾ ಶುಲ್ಕ 2024ರಲ್ಲಿ 20 ರೂಪಾಯಿಯಿಂದ 100ಕ್ಕೆ ಏರಿದ್ದಕ್ಕೆ ಮಾತ್ರ ಮಾವನಿಗೆ ಇನ್ನೂ ಸಿಟ್ಟಿದೆ. “ಹೆಸರು ಒಂದೇ ಥರ ಬರೆದಿದ್ರೆ ಇದೆಲ್ಲಾ ಯಾಕೆ?” ಅಂತಾರೆ. ಅವರ ಕಚೇರಿಯಲ್ಲಿ ಎಷ್ಟು ಜನರ ಹೆಸರು ಹೀಗೆ ತಿರುಚಿಕೊಂಡಿತು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಹುಡುಗನ ಮದುವೆಯ ನೋಂದಣಿ ಆಗಿರಲಿಲ್ಲ. ಅದಕ್ಕೆ ಬೇಕಾದದ್ದು ಲಗ್ನಪತ್ರಿಕೆ, ತಾಳಿ ಕಟ್ಟುವ ಫೋಟೊ, ಮೂವರು ಸಾಕ್ಷಿಗಳು. ಒಬ್ಬ ಸಾಕ್ಷಿ ಖಾಯಂ: ಮಾವ. ಈ ಬಡಾವಣೆಯ ಅರ್ಧ ಮದುವೆಗಳಿಗೆ ಅವರು ಸಾಕ್ಷಿ. ಬಹುಪಾಲಿನಲ್ಲಿ ಊಟವೇ ಮಾಡಿಲ್ಲ.

ಫೋಟೊ ಸ್ಟುಡಿಯೊಕ್ಕೂ ಮಾವ ಜೊತೆಗೇ ಬರುತ್ತಾರೆ. ಷೆಂಗೆನ್ ವೀಸಾಕ್ಕೆ 35×45 ಮಿಲಿಮೀಟರ್, ಅಮೆರಿಕಕ್ಕೆ ಎರಡಿಂಚು ಚೌಕ, ಕೆನಡಾದ ಪಿ.ಆರ್.ಗೆ 50×70. ಸ್ಟುಡಿಯೊದವನು ಅಭ್ಯಾಸಬಲದಿಂದ “ಸ್ಮೈಲ್” ಅಂದರೆ ಮಾವ ಪಕ್ಕದಿಂದ ಗದರುತ್ತಾರೆ: “ನಗಬೇಡ! ಹೋಗೋವರೆಗೂ ನಗಬೇಡ!”

ವಿಶ್ವವಿದ್ಯಾನಿಲಯದ ಕ್ರಾಫರ್ಡ್ ಹಾಲಿನಿಂದ ಅಂಕಗಳ ಲಕೋಟೆ ಬಂದ ದಿನ ಮಾತ್ರ ಮಾವನ ರಕ್ತದೊತ್ತಡ ಏರಿತು. ಮುಚ್ಚಿದ ಲಕೋಟೆ; ಅಂಟಿಸಿದ ಜಾಗದ ಮೇಲೆ ಅಡ್ಡಲಾಗಿ ಸಹಿ, ಮೊಹರು. ಕೆನಡಾಕ್ಕಾಗಿ ಪದವಿಯನ್ನು ತೂಗುವ ಮೌಲ್ಯಮಾಪನದ ಸಂಸ್ಥೆಗೆ ಅದು ಹಾಗೇ ತಲುಪಬೇಕು. ಹುಡುಗನ ತಾಯಿ, “ಮಗ ಎಷ್ಟು ತೆಗೆದಿದ್ದಾನೋ ನೋಡೇಬಿಡೋಣ” ಎಂದು ಕತ್ತರಿ ತಂದರು. ಮಾವ ಕುರ್ಚಿಯಿಂದ ಜಿಗಿದರು. “ಅಮ್ಮಾ ತಾಯಿ! ಅದನ್ನ ಒಡೆದ್ರೆ ಕ್ರಾಫರ್ಡ್ ಹಾಲಿಂದ ಮತ್ತೆ ಶುರು!” ಲಕೋಟೆ ಅಂದು ರಾತ್ರಿ ಮಾವನ ಮನೆಯ ದೇವರ ಗೂಡಿನಲ್ಲಿ ಮಲಗಿತು.

ಕಾಗದಪತ್ರ ಹೊರದೇಶದಲ್ಲೂ ಊರ್ಜಿತವಾಗಲು ಹಾಕುವ ಅಪಾಸ್ಟಿಲ್ ಮುದ್ರೆ ಎಂದರೆ ಮಾವನಿಗೆ ವಿಶೇಷ ಮಮತೆ. 1961ರ ಹೇಗ್ ಒಪ್ಪಂದ. ನಮ್ಮ ದೇಶಕ್ಕೆ ಅನ್ವಯವಾದದ್ದು 2005ರ ಜುಲೈ 14. ಕೆನಡಾ ಒಳಗೆ ಬಂದದ್ದು 2024ರ ಜನವರಿ 11. ಮೊಮ್ಮಕ್ಕಳ ಹುಟ್ಟುಹಬ್ಬ ಮರೆತಾರು, ಈ ತಾರೀಖುಗಳನ್ನಲ್ಲ. ಒಪ್ಪಂದಕ್ಕೆ ಸೇರದ ದುಬೈ ಕಡೆ ಹೊರಟವರನ್ನು ಕಂಡರೆ ಇನ್ನೂ ಖುಷಿ: ಅವರಿಗೆ ರಾಯಭಾರ ಕಚೇರಿಯದ್ದೂ ಒಂದು ಮುದ್ರೆ ಹೆಚ್ಚು! ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ 2017ರಲ್ಲಿ ಪ್ರಾಯೋಗಿಕವಾಗಿ ಮೈಸೂರಲ್ಲೇ ಶುರುವಾದದ್ದನ್ನು ತಮ್ಮ ಮನೆಯ ಗೃಹಪ್ರವೇಶದ ಹಾಗೆ ನೆನೆಯುತ್ತಾರೆ.

ಕೆನಡಾ ಕೇಳಿದ್ದೆಲ್ಲ ಮುಗಿಯಿತು ಎಂದು ಹುಡುಗ ಎದ್ದ. ಮಾವ ಕೂರಿಸಿದರು. “ಅವರು ಕೇಳೋದು ಮುಗೀತು. ಇನ್ನು ನಾನು ಕೇಳೋದು.” ಅಪ್ಪ ಅಮ್ಮನನ್ನೂ ಕರೆಸಿದರು.

“ಉಳಿತಾಯ ಖಾತೆಯನ್ನ ಅನಿವಾಸಿಗಳ ಎನ್‌ಆರ್‌ಒ ಖಾತೆ ಮಾಡಿಸಬೇಕು, ಬ್ಯಾಂಕಿಗೆ ಹೇಳಿದ್ದೀಯಾ? ನಿನ್ನ ಹೆಸರಲ್ಲಿರೋ ಸೈಟಿಗೆ ಕಂದಾಯ ಕಟ್ಟೋರು ಯಾರು? ಜಿ.ಪಿ.ಎ. ಅಧಿಕಾರಪತ್ರ ಇಲ್ಲೇ ಮಾಡಿ ಹೋಗು. ಅಲ್ಲಿ ಹೋದ್ಮೇಲೆ ಆದ್ರೆ ಕಾನ್ಸುಲೇಟಿಗೆ ಓಡು, ಸಹಿ ಹಾಕಿ ಇಲ್ಲಿಗೆ ಕಳಿಸು, ಬಂದ ಮೂರು ತಿಂಗಳೊಳಗೆ ಛಾಪಾ ಶುಲ್ಕ ಕಟ್ಟಿಸು. ಅಪ್ಪನ ಎಫ್‌ಡಿಗೆ ನಾಮಿನಿ ಯಾರು? ಮನೆ ಕ್ರಯಪತ್ರ ಎಲ್ಲಿದೆ?”

ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಅಮ್ಮನ ಮುಖ ನೋಡಿದರು. ಕ್ರಯಪತ್ರ ಬೀರುವಿನಲ್ಲಿ ಧಾರೆ ಸೀರೆಯ ಕೆಳಗೆ ಇತ್ತು.

“ಅಪ್ಪ ಹುಟ್ಟಿದ್ದು ಯಾವಾಗ?”

“ಜೂನ್ ಒಂದು.”

“ಅದು ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು ಕಣೋ” ಎಂದರು ಅಪ್ಪ, “ನಾನು ಹುಟ್ಟಿದ್ದು ಗೌರಿ ಹಬ್ಬದ ಹಿಂದಿನ ದಿನ.” ಮಗನಿಗೆ ಅದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅಪ್ಪ ಯಾವ ಮಾತ್ರೆ ನುಂಗುತ್ತಾರೆ, ಆಸ್ಪತ್ರೆಗೆ ಸೇರಿಸುವ ಹೊತ್ತು ಬಂದರೆ ಯಾರು ಸಹಿ ಹಾಕಬೇಕು ಎಂಬುದೂ. ಎಲ್ಲವನ್ನೂ ಮಾವ ಹಾಳೆಯಲ್ಲಿ ಬರೆಸಿ, ಮೂವರ ಕೈಲೂ ಸಹಿ ಹಾಕಿಸಿ, ಮೂರು ಜೆರಾಕ್ಸ್ ತೆಗೆಸಿದರು. ಆ ಹಾಳೆಯನ್ನು ಯಾವ ದೇಶವೂ ಕೇಳುವುದಿಲ್ಲ. ಅದಾಗದೆ ಮಾವ ಯಾರನ್ನೂ ಜಗಲಿ ಇಳಿಸುವುದಿಲ್ಲ.

ಕೆನಡಾದ ಒಪ್ಪಿಗೆ, ಹೇಳಿದ ಅವಧಿಗೂ ಮೊದಲೇ ಬಂತು. ಇನ್ನೊಂದು ದಾಖಲೆ ಕೊಡಿ ಎನ್ನಲಿಲ್ಲ, ಸಂದೇಹ ಕೇಳಲಿಲ್ಲ. ಹುಡುಗ ಮೈಸೂರು ಪಾಕ್ ಹಿಡಿದು ಓಡಿಬಂದ. ಮಾವ ಒಂದು ತುಂಡು ಬಾಯಿಗೆ ಹಾಕಿಕೊಂಡರು. ಮುಖ ಮಾತ್ರ ಅರಳಲಿಲ್ಲ.

“ಇಷ್ಟು ಬೇಗ ಕೊಟ್ಟಿದ್ದಾರೆ ಅಂದ್ರೆ, ಫೈಲು ಸರಿಯಾಗಿ ನೋಡೇ ಇಲ್ಲ ಕಣಯ್ಯಾ” ಎಂದರು.